ಗುಂಡಣ್ಣನ ಮಾತು ನನ್ನ ಬಾಯಲ್ಲಿ

ಸ್ಟೇಷನ್ ರಸ್ತೆಯ ಲಾಡ್ಜ್, ಕಲಬುರಗಿ
ಸೋಮವಾರ, ೧೭ ನವೆಂಬರ್ ೨೦೨೫, ಇಳಿಹೊತ್ತು

ಕಮಲಾಪುರದ ತಾಲೀಮು ಶೆಡ್ಡಿನಲ್ಲಿ ಚಾಪೆ ಹಾಸಿ ಕುಳಿತ ಮಹಾಜನರೇ, ತಾಯಂದಿರೇ, ಮುಂದಿನ ಸಾಲಿನಲ್ಲಿ ಎಲೆ ಅಡಿಕೆ ಜಗಿಯುತ್ತಿರುವ ಹಿರಿಯರೇ, ಹಿಂದಿನ ಗೋಡೆಗೆ ಒರಗಿ ನಗಲು ಕಾದು ನಿಂತವರೇ, ಸಕಲರಿಗೂ ನಟ ದೌಲಪ್ಪನ ಉದ್ದಂಡ ನಮಸ್ಕಾರ. ಸದ್ದು ಬೇಡ. ಆ ಫ್ಯಾನು ಬಂದ್ ಮಾಡಿರಿ, ಅದರ ಕಟಕಟದಲ್ಲಿ ಓದುವವನ ದನಿ ಕೇಳುವುದಿಲ್ಲ.

ಪ್ರೀತಿಯ ಗೆಳೆಯ ಬಂಡು, ಓದುವವನು ನೀನೇ. ಇಷ್ಟು ವರ್ಷ ಪರದೆಯ ಹಿಂದೆ ಪುಸ್ತಕ ಹಿಡಿದು ಕುಳಿತು ನನಗೆ ಮಾತು ಎತ್ತಿಕೊಟ್ಟವನು ನೀನು. ಇವತ್ತು ಪರದೆಯ ಮುಂದೆ ನಿಂತು ನನ್ನ ಮಾತನ್ನು ನನ್ನ ಹಾಗೆ ಓದು, ನುಂಗಬೇಡ. ನಮ್ಮ ಬುರ್ಹಾನನ ಜುಬೇದಾ ಬಂದಿರದಿದ್ದರೆ ಕರೆಸು. ನನ್ನ ಮನೆಯಾಕೆ ಕಸ್ತೂರಿಬಾಯಿಗೆ ಕಂಬದ ಹತ್ತಿರ ಜಾಗ ಮಾಡಿಕೊಡು, ಅವಳಿಗೆ ಬೆನ್ನಿಗೆ ಆಸರೆ ಬೇಕಾಗುತ್ತದೆ. ಫೋನ್ ಇಟ್ಟುಕೊಂಡು ಕಾಗದ ಯಾಕೆ ಬರೆದ ಅಂತ ಕೇಳುವವರಿಗೆ ಹೇಳು: ಫೋನ್ ಬಂದ್ ಮಾಡಿದ್ದೇನೆ. ಹೆಸರಿಲ್ಲದ ನಂಬರಿನಿಂದ ಕರೆ ಬರುತ್ತದೆ, ಎತ್ತಿದರೆ ಯಾರೂ ಮಾತಾಡುವುದಿಲ್ಲ, ಉಸಿರು ಮಾತ್ರ ಕೇಳುತ್ತದೆ. ಅದಕ್ಕೆ ಈ ಕಾಗದವನ್ನು ಸಂಜೆಯ ಬಸ್ಸಿನ ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದೇನೆ.

ಮೊದಲು ನನ್ನ ಅಂಜಿಕೆಯನ್ನು ಹೇಳಿಬಿಡುತ್ತೇನೆ, ನಗುವವರು ಈಗಲೇ ನಕ್ಕು ಮುಗಿಸಲಿ. ಮೈಕು ಕೈಕೊಟ್ಟ ದಿನವೂ ಕೊನೆಯ ಸಾಲಿಗೆ ಮುಟ್ಟುವಂತೆ ಗರ್ಜಿಸಿದ ದೌಲಪ್ಪ, ಸಿಂಹಾಸನದಿಂದ ಇಳಿದು ಬಂದರೆ ಮಕ್ಕಳು ಅಮ್ಮನ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದ ದೌಲಪ್ಪ, ಈಗ ಲಾಡ್ಜಿನ ಬಚ್ಚಲಿಗೆ ಹೋದರೂ ಚಿಲಕ ಜಗ್ಗಿ ಜಗ್ಗಿ ನೋಡುತ್ತಾನೆ. ಮೇಲಿನ ಕೋಣೆಯಲ್ಲಿ ಯಾರೋ ಬಕೆಟ್ ಎಳೆದರೆ ಕೈಯಲ್ಲಿನ ರೊಟ್ಟಿ ಕೆಳಗೆ ಬೀಳುತ್ತದೆ. ಕಸ್ತೂರಿ, ನೀನು ಕಟ್ಟಿಕೊಟ್ಟ ಶೇಂಗಾ ಹಿಂಡಿ ಗಂಟಿನಲ್ಲಿ ಹಾಗೇ ಇದೆ.

ಕಾರಣ ಇದೆ. ನಿನ್ನೆ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಒಬ್ಬ ಗೃಹಸ್ಥ ಬಂದ. ಇಸ್ತ್ರಿ ಅಂಗಿ, ಹಣೆ ತುಂಬ ವಿಭೂತಿ, ಬಲು ಮರ್ಯಾದೆ. ನನ್ನ ಚೀಲ ತಾನೇ ಹೊತ್ತ, ಚಹಾ ಕೊಡಿಸಿದ, ನನ್ನ ನಾಟಕಗಳನ್ನೆಲ್ಲ ಕೊಂಡಾಡಿದ. ನಾನೂ ಉಬ್ಬಿಹೋದೆ. ಕಪ್ಪು ಕೆಳಗಿಟ್ಟು ಅವನು ಮೆಲ್ಲಗೆ ಹೇಳಿದ: "ಕಾಕಾ, ನಿಮ್ಮ ದನಿ ಅಂದ್ರ ನಮ್ಮ ಯಶವಂತಣ್ಣಗ ಭಾಳ ಪ್ರೀತಿ. ಜ್ವಾಪಾನ ಮಾಡ್ಕೋರಿ. ಮತ್ತ ಕಾಕು ಅಂಗನವಾಡಿ ಮುಗಿಸಿ ಮಹಾಗಾಂವದಿಂದ ಕೊನೀ ಟೆಂಪೋಕ್ಕ ಬರ್ತಾರಲ್ಲ, ಆ ರಸ್ತಾಕ್ಕ ದೀಪಿಲ್ಲ ನೋಡ್ರಿ." ಇಷ್ಟು ಹೇಳಿ ಚಹಾದ ರೊಕ್ಕ ಕೊಟ್ಟು, ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿ ಹೋದ. ರಂಗದ ಮೇಲೆ ಖಳನಾಯಕ ಮೀಸೆ ತಿರುವಿ ಅಟ್ಟಹಾಸ ಮಾಡುತ್ತಾನೆ, ಸ್ವಾಮಿ. ನಿಜವಾದವನು ಕಾಲು ಮುಟ್ಟುತ್ತಾನೆ. ಮುಟ್ಟಿದ ಜಾಗ ಇನ್ನೂ ತಣ್ಣಗಿದೆ.

ಕಸ್ತೂರಿ, ನಾಳೆಯಿಂದ ನಾನು ಬರುವವರೆಗೆ ಮಹಾಗಾಂವದಲ್ಲಿ ನಿನ್ನ ತಂಗಿ ಸಾಬಮ್ಮನ ಮನೆಯಲ್ಲೇ ಉಳಿದುಕೋ. ಕೊನೆಯ ಟೆಂಪೋ ಹತ್ತಬೇಡ. ಇದು ನಾಟಕದ ಮಾತಲ್ಲ.

ಈಗ ಕಥೆ. ನೆರೆಯೂರಿನವರೂ ಕುಳಿತಿರುತ್ತಾರೆ, ಅವರಿಗಾಗಿ ಮೊದಲಿನಿಂದ ಹೇಳುತ್ತೇನೆ. ಬುರ್ಹಾನುದ್ದೀನ್ ನಮ್ಮ ನಾಟಕ ಸಂಘದ ಪೇಟಿ ಮಾಸ್ತರ, ಹಾರ್ಮೋನಿಯಂ ನುಡಿಸುವವನು. ಹಗಲು ತನ್ನ ಟೆಂಪೋದಲ್ಲಿ ಕಮಲಾಪುರದ ಕೆಂಪು ಬಾಳೆಗೊನೆಗಳನ್ನು ಕಲಬುರಗಿ ಮಾರ್ಕೆಟ್ಟಿಗೆ ಸಾಗಿಸುತ್ತಿದ್ದ. ನಾಟಕದ ದಿನ ಅದೇ ಟೆಂಪೋದಲ್ಲಿ ನಮ್ಮ ಪರದೆ, ಕಿರೀಟ, ಸಿಂಹಾಸನ. ಶೆಡ್ಡಿನ ಕೀಲಿ ಅವನ ಸೊಂಟದಲ್ಲಿ ಇರುತ್ತಿತ್ತು. ನೀವು ಈಗ ಕುಳಿತಿರುವ ಈ ಜಾಗ ಯಶವಂತನಿಗೆ ಅಂಗಡಿಗಳ ಸಾಲು ಕಟ್ಟಲು ಬೇಕಾಗಿತ್ತು. ಕೀಲಿ ಕೊಡು ಅಂದ. ಪೇಟಿ ಮಾಸ್ತರ ಕೊಡಲಿಲ್ಲ. ಅವತ್ತು ದೀಪ ಹಚ್ಚುವ ಹೊತ್ತಿಗೆ, ಶೆಡ್ಡಿನ ಮುಂದೆಯೇ, ಅವನ ತಲೆಗೆ ಅವನದೇ ಟೆಂಪೋದ ಜಾಕಿನ ರಾಡು ಬಿತ್ತು. ದವಾಖಾನೆ ಮುಟ್ಟುವ ಮೊದಲೇ ಉಸಿರು ನಿಂತಿತು. ಕೊಲೆಯ ಕೇಸಾಯಿತು. ಒಂದನೇ ಆರೋಪಿ ಯಶವಂತ, ಹೊಡೆದದ್ದಕ್ಕೆ. ಎರಡನೆಯವನು ಅವನ ಗೆಳೆಯ ಅರುಣಕುಮಾರ, ಹಿಂದಿನಿಂದ ಎರಡೂ ಕೈ ಹಿಡಿದುಕೊಂಡದ್ದಕ್ಕೆ.

ಹೊಡೆದದ್ದನ್ನು ನೋಡಿದವನು ನಾನು. ಹಿಡಿದದ್ದನ್ನು ನೋಡಿದವನು ಗುಂಡಣ್ಣ, ನಮ್ಮ ಸಂಘದ ಹಾಸ್ಯಗಾರ, ಎದುರಿನ ಚಹಾದ ಬಂಡಿಯ ಹತ್ತಿರ ನಿಂತಿದ್ದ. ಇಬ್ಬರೂ ಪೊಲೀಸರಿಗೆ ಅವರವರು ಕಂಡದ್ದನ್ನು ಬರೆಸಿದ್ದೆವು. ಇಲ್ಲಿಗೆ ಎಲ್ಲ ಸರಿಯಿತ್ತು.

ಹೋದ ವಾಯಿದೆಯ ದಿನ ಕೋರ್ಟಿನಲ್ಲಿ ಗುಂಡಣ್ಣನ ಸಾಕ್ಷಿ. ಸಾಕ್ಷಿ ಹೇಳಬೇಕಾದವರು ಒಳಗೆ ಕೂರುವಂತಿಲ್ಲವೆಂದು ನನ್ನನ್ನು ವರಾಂಡದಲ್ಲಿ ಕೂರಿಸಿದ್ದರು. ಒಳಗಿದ್ದ ಬಂಡು ಬಂದು ಹೇಳಿದ. ಗುಂಡಣ್ಣ ಕಟಕಟೆ ಹತ್ತಿದ, ನಾನು ಚಹಾ ಕುಡಿಯುತ್ತಿದ್ದೆ, ಏನೂ ಕಂಡಿಲ್ಲ ಅಂದ. ಸರಕಾರಿ ವಕೀಲರು, ಪಿ.ಪಿ. ಭುವನೇಶ್ವರಿ ಮೇಡಂ, ಜಡ್ಜರ ಅಪ್ಪಣೆ ಪಡೆದು ತಮ್ಮ ಸಾಕ್ಷಿಯನ್ನು ತಾವೇ ಪಾಟೀ ಸವಾಲು ಮಾಡಿದರು. ಅವನು ಪೊಲೀಸರಿಗೆ ಹೇಳಿದ್ದನ್ನು ಒಂದೊಂದೇ ಸಾಲು ಓದಿ, ಹೀಗೆ ಹೇಳಿದ್ದಿರಾ ಅಂತ ಕೇಳಿದರು. ಪ್ರತಿ ಸಾಲಿಗೂ ಅವನು ಇಲ್ಲ ಅಂದ. ಮೇಡಂ ಕೂಗಲಿಲ್ಲ, ಮೇಜು ಗುದ್ದಲಿಲ್ಲ, ಕುಳಿತುಬಿಟ್ಟರು. ಕಸ್ತೂರಿ ಹೊರಗೆ ಬಂದು ಹೇಳಿದ್ದು ನೆನಪಿದೆ: "ನಮ್ಮ ನಾಟಕದಾಗಿನ ವಕೀಲ ಆಗಿದ್ರ ಇಷ್ಟೊತ್ತಿಗೆ ಕೋಟು ಬಿಚ್ಚಿ ಒಗೀತಿದ್ದ. ಈಕಿ ಪೆನ್ನಿನ ಟೋಪಿ ಹಾಕಿ ಕುಂತಳು."

ಗುಂಡಣ್ಣನನ್ನು ಬೈಯಬೇಡಿರಿ. ಅವತ್ತು ನಾನೂ ಬೈದೆ. ಈಗ ನನ್ನ ಕಾಲನ್ನೂ ಮುಟ್ಟಿ ಹೋಗಿದ್ದಾರೆ. ಅವನಿಗೆ ಏನು ಹೇಳಿರಬಹುದು ಅಂತ ಅಂದಾಜು ಹತ್ತಿದೆ.

ಅವತ್ತು ಇದೇ ಶೆಡ್ಡಿನಲ್ಲಿ ಸಭೆ ಕೂಡಿತು. ಜುಬೇದಾ ಗಂಡನ ಪೇಟಿಯ ಪಕ್ಕ ಕುಳಿತಿದ್ದಳು. ಅವಳು ಹೇಳಿದ ಮಾತು ನಿಮಗೆಲ್ಲ ಗೊತ್ತು: "ಒಬ್ಬಾಂವ ಹೊಡದಾನ, ಒಬ್ಬಾಂವ ಹಿಡದಾನ. ಹಿಡದಾಂವ ಬಿಟ್ಟಿದ್ರ ನಮ್ಮವ್ರು ಓಡತಿದ್ರು, ಅಣ್ಣಾ. ಅವರು ಓಡೂದ್ರಾಗ ಜೋರಿದ್ರು." ಆಗ ನಮಗೆ ನಮ್ಮ ರೂಢಿ ನೆನಪಾಯಿತು. ಪಾತ್ರಧಾರಿ ಬರದಿದ್ದರೆ ನಮ್ಮ ಸಂಘ ಆಟ ನಿಲ್ಲಿಸಿದ್ದುಂಟೇ? ತಾಜಸುಲ್ತಾನಪುರದಲ್ಲಿ ಗುಂಡಣ್ಣನಿಗೆ ಜ್ವರ ಬಂದಾಗ ರಾಜನೂ ನಾನೇ, ಮಂತ್ರಿಯೂ ನಾನೇ. ಪಟಕಾ ಬದಲಿಸಿ ಬದಲಿಸಿ ನನಗೆ ನಾನೇ ಸಲಹೆ ಕೊಟ್ಟುಕೊಂಡೆ, ಜನ ಶಿಳ್ಳೆ ಹೊಡೆದರು. ಹಾಗೆಯೇ ಈಗಲೂ ಆಯಿತು. ಗುಂಡಣ್ಣನ ಪಾತ್ರ ಖಾಲಿ ಬಿದ್ದಿದೆ, ದೌಲಪ್ಪ ಎತ್ತಿಕೊಳ್ಳಲಿ. ಹೊಡೆದದ್ದನ್ನೂ ಹೇಳಲಿ, ಹಿಡಿದದ್ದನ್ನೂ ಹೇಳಲಿ. ಸುಳ್ಳೇನಲ್ಲವಲ್ಲ, ಆದದ್ದೇ ತಾನೆ? ಯಾರ ಬಾಯಲ್ಲಿ ಬಂದರೇನು?

ವಾರವಿಡೀ ತಾಲೀಮು ನಡೆಯಿತು. "ಮಹಾಸ್ವಾಮಿ, ಆ ಅರುಣಕುಮಾರನು ಹಿಂಬದಿಯಿಂದ ಬಂದು ನಮ್ಮ ಮಾಸ್ತರನ ಎರಡೂ ತೋಳುಗಳನ್ನು ಬಿಗಿದು ಹಿಡಿದನು" ಅಂತ ನಾನು ಹೇಳಿದಾಗ ನೀವೆಲ್ಲ ಕಣ್ಣೊರೆಸಿಕೊಂಡಿರಿ. ಆ ಸಾಲು ನನ್ನ ನಾಲಿಗೆಗೆ ಅಂಟಿಕೊಂಡಿತು.

ಇವತ್ತು ಮುಂಜಾನೆ ಮೇಡಂ ಕರೆಸಿದ್ದರು. ನಾಳೆ ನನ್ನ ಸಾಕ್ಷಿ; ಅದಕ್ಕೆ ಮೊದಲು ನಾನು ಪೊಲೀಸರಿಗೆ ಹೇಳಿದ್ದನ್ನು ನನಗೆ ಓದಿ ನೆನಪಿಸುವುದು ಅವರ ಪದ್ಧತಿ. ಸಣ್ಣ ಕೋಣೆ, ಮೇಜಿನ ಮೇಲೆ, ಕಿಟಕಿಯ ಮೇಲೆ, ಕುರ್ಚಿಯ ಮೇಲೆಲ್ಲ ಫೈಲು. ಒಂದು ಕುರ್ಚಿಯ ಫೈಲು ಇಳಿಸಿ ನನ್ನನ್ನು ಕೂರಿಸಿದರು. ನಾನು ಕೂರಲಿಲ್ಲ. ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಆದಿಯಿಂದ ಅಂತ್ಯದವರೆಗೆ ಒಂದೇ ಉಸಿರಿನಲ್ಲಿ ಒಪ್ಪಿಸಿದೆ. ಪಕ್ಕದ ಕೋಣೆಯ ಗುಮಾಸ್ತ ಬಂದು ಬಾಗಿಲಲ್ಲಿ ನಿಂತ. ಮೇಡಂ ಚಪ್ಪಾಳೆ ತಟ್ಟುತ್ತಾರೆ ಅಂದುಕೊಂಡಿದ್ದೆ. ಅವರು ಚಹಾದ ಕಪ್ಪನ್ನು ಫೈಲಿನ ಮೇಲಿಂದ ತೆಗೆದು ಬದಿಗಿಟ್ಟು ಕೇಳಿದರು: "ಟೆಂಪೋ ಎಲ್ಲಿ ನಿಂತಿತ್ರಿ?"

ನನಗೂ ಅವರಿಗೂ ನಡುವೆ, ಅಡ್ಡ ಅಂದೆ.

"ಟೆಂಪೋದ ಆಚೀಕಿನ ತೋಳು ಹೆಂಗ ಕಂಡ್ವು?"

ನಾನು ಅಭಿಮಾನದಿಂದಲೇ ಹೇಳಿದೆ: "ನನಗ ಕಂಡಿಲ್ರೀ. ಗುಂಡಣ್ಣಗ ಕಂಡಾವ. ಅಂವ ಒಲ್ಲೆ ಅಂದಾನ, ಅವನ ಪಾತ್ರ ಈಗ ನಂದು."

ಗುಮಾಸ್ತ ಬಾಗಿಲು ಎಳೆದುಕೊಂಡು ಹೋದ. ಮೇಡಂ ನನ್ನನ್ನು ಕೂರಿಸಿದರು. ಈ ಸಲ ಕುಳಿತೆ.

ನೀವು ನಮ್ಮ ವಕೀಲರು, ನಮ್ಮ ಕಡೆಯ ಮಾತು ಗಟ್ಟಿಯಾದರೆ ನಿಮಗೆ ಒಳ್ಳೆಯದಲ್ಲವೇ ಅಂದೆ. ಅದಕ್ಕೆ ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ. "ನಾ ನಿಮ್ಮ ವಕೀಲಳಲ್ಲ, ದೌಲಪ್ಪನವರ. ಜುಬೇದಾ ಅವರ ವಕೀಲಳೂ ಅಲ್ಲ. ನಾ ಸರಕಾರದ ಪರವಾಗಿ ನಿಲ್ಲಾಕಿ. ಸರಕಾರದ ಕೆಲಸ ಯಾರನ್ನರೇ ಒಳಗ ಹಾಕೂದಲ್ಲ. ಯಾರಿಗೆ ಏನು ಕಂಡದ, ಅಷ್ಟನ್ನ ಕೋರ್ಟಿನ ಮುಂದ ಇಡೂದು. ಅದರಾಗ ಆರೋಪಿಗೆ ಅನುಕೂಲ ಆಗೂದಿದ್ರ ಅದನ್ನೂ ಇಡೂದು."

ನನಗೆ ಸಿಟ್ಟು ಬಂತು. ಅರುಣಕುಮಾರ ಹಿಡಿದದ್ದು ನಿಜ, ಗುಂಡಣ್ಣ ಸುಳ್ಳು ಹೇಳುವ ಮನುಷ್ಯನಲ್ಲ, ಇದು ನಿಮಗೂ ಗೊತ್ತಿಲ್ಲವೇ ಅಂತ ಜೋರಾಗಿಯೇ ಕೇಳಿದೆ. ಗೊತ್ತಿಲ್ಲ, ಹಾಗೆ ಅನಿಸುತ್ತದೆ, ತನಗೆ ಅನಿಸಿದ್ದು ಸಾಕ್ಷಿಯಲ್ಲ ಅಂದರು. ಆಮೇಲೆ ಬಿಡಿಸಿ ಹೇಳಿದರು. ನಾನು ಪೊಲೀಸರ ಮುಂದೆ ಟೆಂಪೋ ಅಡ್ಡವಿತ್ತು ಅಂದವನು. ನಾಳೆ ತೋಳು ಕಂಡೆ ಅಂದರೆ ಎದುರಿನ ವಕೀಲರು ಅಲ್ಲೇ ಹಿಡಿಯುತ್ತಾರೆ. ಸುಳ್ಳು ಸಿಕ್ಕಿತು ಅಂದರೆ ಅದರ ಜೊತೆ ನಿಜವೂ ಕೊಚ್ಚಿಹೋಗುತ್ತದೆ, ಯಶವಂತನೂ ಮೀಸೆ ತಿರುವುತ್ತ ಹೊರಗೆ ಬರುತ್ತಾನೆ. ಹಾಗಾದರೆ ಸಿಗದ ಹಾಗೆ ಹೇಳುತ್ತೇನೆ, ನಾನು ನಟ, ನನ್ನನ್ನು ಯಾರೂ ಹಿಡಿಯಲಾರರು ಅಂದೆ.

"ಅವರು ಹಿಡೀದಿದ್ರೂ ನಾ ಹಿಡೀತೀನ್ರಿ," ಅಂದರು. "ನೀವು ಅಲ್ಲಿ ನಿಂತು ತೋಳು ಕಂಡೆ ಅಂದ್ರ, ನಾನ ಎದ್ದು ಜಡ್ಜ್ ಸಾಹೇಬರಿಗೆ ಹೇಳ್ತೀನಿ, ಈ ಮಾತು ನಂಬಬ್ಯಾಡ್ರಿ ಅಂತ."

ಬಂಡು, ಇಲ್ಲಿ ಸ್ವಲ್ಪ ನಿಲ್ಲು. ಜನಕ್ಕೆ ಇದು ಅರಗಲಿ. ನಮ್ಮ ಪರವಾಗಿ ನಿಂತವರೇ ನಮ್ಮ ಮೇಲೆ ಏಳುತ್ತಾರಂತೆ.

ನಾನು ಇನ್ನೊಂದು ಬೇಡಿಕೊಂಡೆ. ಹೋಗಲಿ, ನಾನು ಕಂಡದ್ದಷ್ಟನ್ನೇ ಹೇಳುತ್ತೇನೆ, ಮರೆತರೆ ನೀವು ಮಾತು ಎತ್ತಿಕೊಡುತ್ತೀರಲ್ಲ ಅಂದೆ. ಅದೂ ಇಲ್ಲವಂತೆ. ಉತ್ತರ ಒಳಗೆ ಬಚ್ಚಿಟ್ಟ ಪ್ರಶ್ನೆಯನ್ನು ತಮ್ಮ ಸಾಕ್ಷಿಗೆ ಅವರು ಕೇಳುವಂತಿಲ್ಲ. "ಆಮ್ಯಾಲ ಏನಾತು?" ಅಂತ ಕೇಳಬಹುದು. "ಎಲ್ಲಿ ನಿಂತಿದ್ರಿ?" ಅಂತ ಕೇಳಬಹುದು. ಯಶವಂತನೇ ಹೊಡೆದನಲ್ಲವೇ ಅಂತ ಕೇಳುವಂತಿಲ್ಲ. ಅಂದರೆ ನಾಳೆ ಪರದೆಯ ಹಿಂದೆ ಯಾರೂ ಇರುವುದಿಲ್ಲ. ನನ್ನ ಜನ್ಮದಲ್ಲಿ ನಾನು ಹಾಗೆ ನಿಂತಿಲ್ಲ. ಮದುವೆಯ ದಿನ ಹೆಂಡತಿಯ ಹೆಸರು ಸೇರಿಸಿ ಒಡಪು ಹೇಳುವಾಗಲೂ ಕಿಟಕಿಯ ಆಚೆ ಬಂಡು ಇದ್ದ.

ಬೆದರಿಕೆ ಹಾಕಿದವನ ವಿಷಯವನ್ನೂ ಹೇಳಿದೆ. ಅದಕ್ಕೆ ಮಾತ್ರ ಅವರು ಒಂದು ಗಳಿಗೆ ತಡ ಮಾಡಲಿಲ್ಲ. ರಕ್ಷಣೆ ಬೇಕೆಂದು ನನ್ನಿಂದ ಅರ್ಜಿ ಬರೆಸಿದರು, ತಾವೇ ಪೊಲೀಸರಿಗೆ ಫೋನ್ ಹಚ್ಚಿ ಮಾತಾಡಿದರು, ಮಹಾಗಾಂವದ ರಸ್ತೆಯ ಮಾತನ್ನೂ ಹೇಳಿದರು. ಮಧ್ಯಾಹ್ನಕ್ಕೆ ಒಬ್ಬ ಕಾನ್‌ಸ್ಟೇಬಲ್ ಬಂದು ನನ್ನ ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡಿದ್ದಾನೆ. ವಯಸ್ಸಾದವನು, ಬದಿಯಲ್ಲಿ ಲಾಠಿ ಒರಗಿಸಿ ಗೊರಕೆ ಹೊಡೆಯುತ್ತಿದ್ದಾನೆ. ಗೊರಕೆ ನಿಂತಾಗ ನಾನು ಹೆದರಿ ಬಾಗಿಲ ಸಂದಿಯಿಂದ ನೋಡುತ್ತೇನೆ.

ಈಗ ಎಲ್ಲಕ್ಕಿಂತ ದೊಡ್ಡ ಅಂಜಿಕೆ ಹೇಳುತ್ತೇನೆ, ಇದಕ್ಕೆ ಯಾರೂ ನಗಬೇಡಿರಿ. ಲಾಡ್ಜಿಗೆ ಬಂದು, ಕೋಟೆಯ ಗೋಡೆ ಕಾಣುವ ಕಿಟಕಿಯ ಹತ್ತಿರ ಕುಳಿತು, ಅವತ್ತು ನಾನು ಕಂಡದ್ದಷ್ಟನ್ನೇ ನೆನೆಯಲು ಹೋದೆ. ಕಣ್ಣು ಮುಚ್ಚಿದರೆ ಅರುಣಕುಮಾರನ ಕೈಗಳು ಕಾಣುತ್ತವೆ. ಬೆರಳುಗಳು ಕಾಣುತ್ತವೆ, ಬೆರಳಿನ ಉಂಗುರ ಕಾಣುತ್ತದೆ. ಆ ಕೈಗಳನ್ನು ನಾನು ನೋಡೇ ಇಲ್ಲ. ತಾಲೀಮಿನಲ್ಲಿ ಹುಟ್ಟಿದ ಕೈಗಳು ಬಂದು ಕುಳಿತು ನನ್ನ ಸ್ವಂತ ಕಣ್ಣು ಕಂಡದ್ದನ್ನು ಪಕ್ಕಕ್ಕೆ ನೂಕುತ್ತಿವೆ. ನಾಳೆ ಕಟಕಟೆಯಲ್ಲಿ ಬಾಯಿ ತೆಗೆದಾಗ ಯಾವುದು ಬರುತ್ತದೋ ನನಗೇ ಗೊತ್ತಿಲ್ಲ. ಯಶವಂತನ ಜನ ನನ್ನ ದನಿ ಕಸಿಯಬಹುದು. ಕಣ್ಣನ್ನು ನಾವೇ ಕಸಿದುಕೊಂಡಿದ್ದೇವೆ.

ಮಧ್ಯಾಹ್ನದಿಂದ ಒಂದೊಂದಾಗಿ ಆರಿಸಿ ತೆಗೆದೆ. ಜೋಳದಲ್ಲಿ ಕಲ್ಲು ಆರಿಸುವ ಹಾಗೆ. ಉಳಿದದ್ದು ಇದು. ನಾನು ಶೆಡ್ಡಿನ ಬಾಗಿಲಲ್ಲಿದ್ದೆ. ಟೆಂಪೋದ ಹಲಗೆಯ ಮೇಲಿಂದ ಆಚೆ ಯಶವಂತನ ಮುಖ ಕಂಡಿತು, ಎತ್ತಿದ ಕೈ ಕಂಡಿತು, ಕೈಯಲ್ಲಿ ರಾಡು ಇತ್ತು. ಕೈ ಇಳಿಯಿತು. ಸದ್ದು ಕೇಳಿತು. ನಾನು ಸುತ್ತಿ ಓಡುವಷ್ಟರಲ್ಲಿ ಬೈಕು ಹೊರಟ ಸದ್ದು. ಅದರ ಮೇಲೆ ಎಷ್ಟು ಜನ ಇದ್ದರೋ ತಲೆ ಎತ್ತಿ ನೋಡಲಿಲ್ಲ. ಬುರ್ಹಾನನ ತಲೆ ನನ್ನ ತೊಡೆಯ ಮೇಲಿತ್ತು. ಮುಗಿಯಿತು. ನಾಟಕದಲ್ಲಿ ದ್ವಾರಪಾಲಕನಿಗೂ ಇದಕ್ಕಿಂತ ಹೆಚ್ಚು ಮಾತು ಇರುತ್ತದೆ.

ಜುಬೇದಾ, ತಂಗೀ, ಇನ್ನು ನಿನಗೊಬ್ಬಳಿಗೆ. ನಾಳೆ ನಾನು ಅರುಣಕುಮಾರನ ಹೆಸರು ಹೇಳುವುದಿಲ್ಲ. ಅವನು ಬಿಡುಗಡೆ ಆಗಬಹುದು. ಬೇರೆ ಪುರಾವೆ ಇದ್ದಷ್ಟನ್ನು ಮೇಡಂ ಇಡುತ್ತಾರೆ, ಆದರೆ ಭರವಸೆ ಕೊಡಲಿಲ್ಲ. ಕೇಳಿದೆ, ಕೊಡಲಿಲ್ಲ. ನಾಳೆ ಊರು ಹೇಳುತ್ತದೆ, ದೌಲಪ್ಪ ರೊಕ್ಕ ತಿಂದ, ಅರ್ಧ ಸಾಕ್ಷಿ ಮಾರಿದ ಅಂತ. ಊರು ಹೇಳುವ ಮೊದಲು ನೀನು ನನ್ನಿಂದ ಕೇಳಬೇಕು ಅಂತಲೇ ಇಷ್ಟು ಬರೆದೆ. ನೀನು ಬೈದರೆ ಬೈಸಿಕೊಳ್ಳುತ್ತೇನೆ. ರಂಜಾನಿಗೆ ನಮ್ಮ ಮನೆಗೆ ಸುರಕುಂಬಾ ಕಳಿಸುವುದನ್ನು ಬಿಟ್ಟರೂ ಸಹಿಸುತ್ತೇನೆ. ಹಿಡಿದವನನ್ನು ಕಂಡವನು ಗುಂಡಣ್ಣ ಒಬ್ಬನೇ. ಅವನ ಮಾತು ಅವನ ಬಾಯಿಂದಲೇ ಬರಬೇಕು. ಅವನ ಮನೆಗೆ ಹೋಗುವವರು ಬೈಯಲು ಹೋಗಬೇಡಿರಿ, ಜೊತೆಗೆ ಕೂರಲು ಹೋಗಿರಿ.

ಸಭೆ ಮುಗಿಯಿತು. ದೀಪ ಆರಿಸಿ, ಕೀಲಿ ಹಾಕಿ, ಗುಂಪಾಗಿಯೇ ಮನೆ ಸೇರಿರಿ.

ನಿಮ್ಮವನೇ,
ದೌಲಪ್ಪ
ರಾಜಪಾತ್ರ, ಒಮ್ಮೊಮ್ಮೆ ಮಂತ್ರಿ

ತಾ.ಕ. ಬಂಡು, ಇಲ್ಲಿಂದ ಮುಂದಿನದನ್ನು ಜೋರಾಗಿ ಓದಬೇಡ. ಓದು ಮುಗಿಯಿತು ಅಂತ ಹೇಳಿ ಎಲ್ಲರನ್ನೂ ಕಳಿಸಿ, ಆಮೇಲೆ ಒಬ್ಬನೇ ಓದಿಕೋ.

ಮೇಲೆ ಎಲ್ಲ ಕಡೆ "ನಮಗೆ ನೆನಪಾಯಿತು", "ತಾಲೀಮು ನಡೆಯಿತು" ಅಂತ ಬರೆದಿದ್ದೇನೆ. ಯಾರಿಗೆ ನೆನಪಾಯಿತು, ಯಾರು ನಡೆಸಿದರು ಅಂತ ಬರೆದಿಲ್ಲ. ಮೇಡಂ ಅದನ್ನೂ ಕೇಳಿದರು. ನಾನು ಹೆಸರು ಹೇಳಲಿಲ್ಲ. ಅವರು ಒತ್ತಾಯ ಮಾಡಲಿಲ್ಲ. ನಿಮಗೆ ಸಾಕ್ಷಿ ಹೇಳಿಕೊಟ್ಟರು ಅನ್ನುವುದು ನನಗೆ ಗೊತ್ತಾದ ಮೇಲೆ ಅದನ್ನು ಫೈಲಿನಲ್ಲಿ ಮಡಿಚಿಟ್ಟುಕೊಳ್ಳಲು ನನಗೆ ಬರುವುದಿಲ್ಲ, ನಾಳೆ ಕಟಕಟೆಯಲ್ಲಿ ಎದುರಿನವರು ಕೇಳುವ ಮೊದಲು ನಾನೇ ಕೇಳುತ್ತೇನೆ ಅಂದರು. ಇದರಿಂದ ಕೇಸಿಗೆ ಪೆಟ್ಟು ಬೀಳಬಹುದು ಅಂತಲೂ ಅಂದರು. ನಿನ್ನನ್ನು ಕೋರ್ಟು ಕರೆಸಬಹುದು, ಬೈಯಬಹುದು, ಅದಕ್ಕಿಂತ ಹೆಚ್ಚೂ ಆಗಬಹುದು. ನಿನ್ನ ಹೆಸರೆತ್ತದೆ, ನೀನು ಬುರ್ಹಾನನ ಮೇಲಿನ ಪ್ರೀತಿಗೆ ಮಾಡಿದೆ ಅಂದೆ. ಅದನ್ನೂ ಹೇಳಿರಿ ಅಂದರು.

ಓಡಿಹೋಗಬೇಕೆಂದಿದ್ದರೆ ಇವತ್ತೇ ಹೋಗು, ನಾನು ತಡೆಯುವುದಿಲ್ಲ. ಹೋಗದಿದ್ದರೆ ಮೊದಲ ಬಸ್ಸಿಗೆ ಕಲಬುರಗಿಗೆ ಬಾ. ನಾಳೆ ಮುಂಜಾನೆ ನಾನು ತಣ್ಣೀರು ಸುರಿದುಕೊಂಡು, ಬಿಳಿ ಅಂಗಿ ತೊಟ್ಟು, ಕಾನ್‌ಸ್ಟೇಬಲ್ಲನನ್ನು ಎಬ್ಬಿಸಿಕೊಂಡು ಕೋರ್ಟಿಗೆ ನಡೆಯುತ್ತೇನೆ. ಕಟಕಟೆ ಹತ್ತುತ್ತೇನೆ. ನಿಮಗೆ ಯಾರು ಕಲಿಸಿದರು ಅಂತ ಮೇಡಂ ಕೇಳುತ್ತಾರೆ. ನಾನು ನಿನ್ನ ಹೆಸರು ಹೇಳುತ್ತೇನೆ.